ಕಂಬಂ ಕಣಿವೆಯ ದೇವರ ಮಂದೆ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಪಟ್ಟಣದಲ್ಲಿರುವ ನಂದಗೋಪಾಲಸ್ವಾಮಿಯ ಗುಡಿಗೆ ಸುತ್ತಲಿನ ಊರುಗಳಲ್ಲಿ ‘ತಂಬಿರಾನ್ ಮಾಟ್ಟು ತೊಳು’ ಎಂಬ ಹೆಸರೇ ಹೆಚ್ಚು ರೂಢಿ. ದೇವರ ದನಗಳ ದೊಡ್ಡಿ ಎಂದು ಅದರ ಅರ್ಥ. ಇಲ್ಲಿಗೆ ಬರುವವರು ಕೈಮುಗಿಯುವುದು ದೊಡ್ಡಿಯಲ್ಲಿರುವ ದನಗಳಿಗೆ. ಅದರಲ್ಲೂ ಪಟ್ಟಕ್ಕೆ ಏರಿದ ಒಂದು ಹೋರಿಗೆ. ಈ ದೊಡ್ಡಿಯನ್ನು ನಡೆಸಿಕೊಂಡು ಬಂದವರು ಕನ್ನಡ ಮನೆಮಾತಿನ ಒಕ್ಕಲಿಗರು. ಕರ್ನಾಟಕದಿಂದ ಪಳನಿಗೆ ಹೋಗಿ, ತೇನಿ–ಕುಮಿಳಿ ದಾರಿಯಲ್ಲಿ ಶಬರಿಮಲೆಗೆ ಸಾಗುವ ಭಕ್ತರ ಬಸ್ಸುಗಳು ಕಂಬಂ ಊರನ್ನು ದಾಟಿಯೇ ಹೋಗುತ್ತವೆ. ಆದರೂ ಈ ದೊಡ್ಡಿಯ ಸಂಗತಿ ಕನ್ನಡನಾಡಿನಲ್ಲಿ ತಿಳಿದವರು ಕಡಿಮೆ.

ಪಶ್ಚಿಮಘಟ್ಟ ಮತ್ತು ವರುಸನಾಡು ಬೆಟ್ಟಗಳ ನಡುವೆ ಚಾಚಿದ ಕಣಿವೆ ಇದು. ಪೆರಿಯಾರ್ ಅಣೆಕಟ್ಟು 1895ರಲ್ಲಿ ಮುಗಿದು, ಸುರಂಗದ ಮೂಲಕ ನೀರು ಹರಿದ ಮೇಲೆ ಗದ್ದೆಗಳು ಹಸಿರಾದವು; ಈಗ ದ್ರಾಕ್ಷಿಗೂ ಹೆಸರುವಾಸಿ. ಒಕ್ಕಲಿಗರು ಇಲ್ಲಿಗೆ ಬಂದದ್ದು ಅದಕ್ಕೂ ಬಹಳ ಹಿಂದೆ. ತಮಿಳರು ಅವರನ್ನು ಕಾಪ್ಪಿಲಿಯರ್ ಎಂದೂ ಕರೆಯುತ್ತಾರೆ. ಕನ್ನಡ ಸೀಮೆಯಿಂದ ತೆಂಕಣಕ್ಕೆ ಹೊರಟಾಗ ದನಗಳನ್ನೂ ಹೊಡೆದುಕೊಂಡು ಬಂದರು, ಇಂದಿನ ಮಂದೆ ಅದರದೇ ಸಂತತಿ ಎಂಬುದು ಜನಾಂಗದ ನಂಬಿಕೆ.

ಈ ಮಂದೆಯ ಹಳೆಯ ವಿವರ ಸಿಗುವುದು ಡಬ್ಲ್ಯೂ. ಫ್ರಾನ್ಸಿಸ್ ಬರೆದ 1906ರ ಮದುರೈ ಗೆಜೆಟಿಯರ್‌ನಲ್ಲಿ. ಎಡ್ಗರ್ ಥರ್ಸ್ಟನ್ 1909ರ ತನ್ನ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲೂ ಅದನ್ನು ಸೇರಿಸಿಕೊಂಡ. ಆಗ ಮಂದೆಗೆ ಎರಡು ಹೆಸರುಗಳಿದ್ದವು: ತಮಿಳಿನಲ್ಲಿ ತಂಬಿರಾನ್ ಮಾಡು, ಒಕ್ಕಲಿಗರ ಬಾಯಲ್ಲಿ ‘ದೇವರು ಆವು’. ಈ ದನಗಳ ಹೆಗಲಿಗೆ ನೊಗವಿಲ್ಲ. ತಳಿ ಬೆಳೆಸುವುದಕ್ಕಷ್ಟೇ ಮೀಸಲು. ಸತ್ತರೆ ಚರ್ಮ ಸುಲಿಯಲು ಕೊಡುವಂತಿಲ್ಲ, ಹೂಳಬೇಕು. ಒಕ್ಕಲುತನದವರ ಲೆಕ್ಕದಲ್ಲಿ ಇದು ಸಣ್ಣ ತ್ಯಾಗವಲ್ಲ.

ಪಟ್ಟದ ಹೋರಿ ಸತ್ತಾಗ ಮುಂದಿನದನ್ನು ಆರಿಸುವ ಬಗೆಯನ್ನು ಫ್ರಾನ್ಸಿಸ್ ವಿವರವಾಗಿಯೇ ಬರೆದಿದ್ದಾನೆ. ಗೊತ್ತುಮಾಡಿದ ದಿನ ಕುಲದವರೆಲ್ಲ ಸೇರುತ್ತಾರೆ. ಕರ್ಪೂರ, ಬಾಳೆಹಣ್ಣು, ವೀಳ್ಯದೆಲೆಗಳನ್ನು ನೆಲದ ಮೇಲೆ ಹರಡಿ, ಮಂದೆಯ ಮುಂದೆ ಕಬ್ಬಿನ ಕಟ್ಟೊಂದನ್ನು ಇಡುತ್ತಾರೆ. ಯಾವ ಹೋರಿ ಮೊದಲು ಕಬ್ಬಿನ ಬಳಿ ಬರುತ್ತದೋ ಅದಕ್ಕೇ ಪಟ್ಟ. ಬಣ್ಣ, ಸುಳಿ, ಕೊಂಬು ನೋಡಿ ಅಳೆಯುವ ಜಾಣರಿಗೆ ಇಲ್ಲಿ ಕೆಲಸವಿಲ್ಲ. ಆಯ್ಕೆಯನ್ನು ದನಕ್ಕೇ ಬಿಡಲಾಗಿದೆ. ಆಮೇಲೆ ಅದಕ್ಕೆ ಅರಿಸಿನ ಬಳಿದು ಹೂಮಾಲೆ ಹಾಕಿ ಪಟ್ಟ ಕಟ್ಟುತ್ತಾರೆ. ಅಂದಿನಿಂದ ಅದು ಬರೀ ಹೋರಿಯಲ್ಲ, ದನ ಕಾಯ್ದ ಕೃಷ್ಣನ ಹೆಸರು ಹೊತ್ತ ನಂದಗೋಪಾಲಸ್ವಾಮಿ.

ದೇವರ ಮಂದೆ ಸಾಕುವ ಈ ನಡಾವಳಿಗೆ ಹತ್ತಿರದ ನಂಟು ಕಾಣುವುದು ಚಿತ್ರದುರ್ಗ ಜಿಲ್ಲೆಯಲ್ಲಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರು ‘ದೇವರ ಎತ್ತು’ಗಳ ಮಂದೆಗಳನ್ನು ಸಾಕುತ್ತಾರೆ, ಮೇಯಿಸುವವರು ಕಿಲಾರಿಗಳು. ಅಲ್ಲಿಯೂ ಉಳುಮೆಯಿಲ್ಲ, ಸತ್ತ ಎತ್ತಿಗೆ ಗೌರವದ ಮಣ್ಣು. ಎರಡು ಜನಾಂಗಗಳಿಗೂ ರಕ್ತಸಂಬಂಧ ಹುಡುಕಬೇಕಿಲ್ಲ. ದನವೇ ಬದುಕಾಗಿದ್ದ ಒಣಸೀಮೆಯಲ್ಲಿ ಇಂಥ ನಡಾವಳಿ ಒಂದೇ ಕಡೆ ಹುಟ್ಟಬೇಕೆಂದೂ ಇಲ್ಲ.

ಕಂಬಂ ದೊಡ್ಡಿಯಲ್ಲಿ ಜನ ಕಿಕ್ಕಿರಿಯುವುದು ಮಾಟ್ಟು ಪೊಂಗಲ್ ದಿನ, ಅಂದರೆ ಸಂಕ್ರಾಂತಿಯ ಮರುದಿನ. ಪಟ್ಟದ ಹೋರಿಗೆ ಹಣ್ಣು ಕಾಯಿ ಅರ್ಪಿಸಲು ಒಕ್ಕಲಿಗರಲ್ಲದವರೂ ಬರುತ್ತಾರೆ. ಕರುಗಳನ್ನು ಹರಕೆಯಾಗಿ ಒಪ್ಪಿಸುವುದೂ ಉಂಟು.

ದೊಡ್ಡಿಯ ಆಚೆಗೆ ದನ ಸಾಕಣೆಯ ಪಾಡು ಬೇರೆ. ಕಣಿವೆಯ ‘ಮಲೈಮಾಡು’, ಅಂದರೆ ಬೆಟ್ಟದ ದನಗಳು, ತಲೆಮಾರುಗಳಿಂದ ಮೇವಿಗೆ ಕಾಡನ್ನೇ ನಂಬಿದವು. ಆ ಮೇವಿಗೆ ಈಗ ಕಾನೂನಿನ ತಡೆ ಬಿದ್ದಿದೆ. ಮೇಘಮಲೈ ಬೆಟ್ಟಗಳಲ್ಲಿ ದನ ಮೇಯಿಸುವುದನ್ನು ಪ್ರಶ್ನಿಸಿದ ಅರ್ಜಿಯೊಂದರಲ್ಲಿ ಮದ್ರಾಸ್ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ರಾಜ್ಯದ ಕಾಡುಗಳಲ್ಲೆಲ್ಲ ಮೇಯಿಸುವುದನ್ನು ನಿಷೇಧಿಸಿತು. ಅದೇ ತಿಂಗಳಲ್ಲಿ ಆದೇಶವನ್ನು ಸಡಿಲಿಸಿ ಹುಲಿ ಮೀಸಲು ಪ್ರದೇಶ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಸೀಮಿತಗೊಳಿಸಿತು. ತೇನಿಯವರಿಗೆ ಈ ಸಡಿಲಿಕೆಯಿಂದ ದಕ್ಕಿದ್ದು ಹೆಚ್ಚೇನಿಲ್ಲ: 2021ರಲ್ಲಿ ಘೋಷಣೆಯಾದ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಮೀಸಲು ಪ್ರದೇಶ ಕಣಿವೆಯ ಅಂಚಿನ ಬೆಟ್ಟಗಳನ್ನೇ ಒಳಗೊಂಡಿದೆ.