ನಿಮಗಿದು ಗೊತ್ತೇ? ದೃಢೀಕರಣಕ್ಕೆ ಸ್ಪಾನ್ಸರ್ ಯಾರಾಗಬಹುದು?

ದೃಢೀಕರಣ ಸಂಸ್ಕಾರದ ದಿನ ಸ್ಪಾನ್ಸರ್ ಮಾಡುವ ಕೆಲಸ ನೋಡಲು ತೀರ ಸಣ್ಣದು. ಮಗುವಿನ ಹೆಗಲ ಮೇಲೆ ಬಲಗೈ ಇಟ್ಟು ನಿಲ್ಲಬೇಕು. ಬಿಷಪ್ಪರಿಗೆ ಮಗುವಿನ ಹೆಸರನ್ನು ಸ್ಪಾನ್ಸರ್ ಹೇಳಬಹುದು, ಇಲ್ಲವೇ ಮಗುವೇ ಹೇಳಬಹುದು. ಬಿಷಪ್ಪರು ಹೆಬ್ಬೆರಳನ್ನು ತೈಲದಲ್ಲಿ ಅದ್ದಿ ಹಣೆಯ ಮೇಲೆ ಶಿಲುಬೆಯ ಗುರುತು ಎಳೆಯುತ್ತಾರೆ, ಮಗು ‘ಆಮೆನ್’ ಎನ್ನುತ್ತದೆ. ಒಂದು ನಿಮಿಷವೂ ಹಿಡಿಯದು. ಆದರೆ ಧರ್ಮಸಭೆಯ ಕಾನೂನಿನ 892ನೇ ವಿಧಿಯ ಪ್ರಕಾರ ಸ್ಪಾನ್ಸರ್ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ದೃಢೀಕರಣ ಪಡೆದವರು ಕ್ರಿಸ್ತನ ನಿಜವಾದ ಸಾಕ್ಷಿಯಾಗಿ ಬಾಳುವಂತೆ, ಸಂಸ್ಕಾರದ ಕರ್ತವ್ಯಗಳನ್ನು ನಿಷ್ಠೆಯಿಂದ ನಡೆಸುವಂತೆ ನೋಡಿಕೊಳ್ಳುವುದೂ ಅವರದೇ ಕೆಲಸ.

ಈ ಸಂಸ್ಕಾರ ಕೊಡುವ ಬಿಷಪ್ಪರ ವಿಷಯಕ್ಕೆ ಬಂದರೆ, ಕಲಬುರಗಿ ಸ್ವಂತ ಧರ್ಮಪ್ರಾಂತ್ಯವಾಗಿ ಇನ್ನೂ ಬಹಳ ಕಾಲವಾಗಿಲ್ಲ. ಪೋಪ್ ಹದಿನಾರನೇ ಬೆನೆಡಿಕ್ಟರು ಗುಲ್ಬರ್ಗ ಧರ್ಮಪ್ರಾಂತ್ಯವನ್ನು ಸ್ಥಾಪಿಸಿದ್ದು 2005ರ ಜೂನ್ 24ರಂದು. ಮೊದಲ ಬಿಷಪ್ ರಾಬರ್ಟ್ ಮೈಕಲ್ ಮಿರಾಂಡ. ನಗರದ ಹೆಸರು 2014ರಲ್ಲಿ ಅಧಿಕೃತವಾಗಿ ಕಲಬುರಗಿಯಾಯಿತು. ದೃಢೀಕರಣ ಕೊಡುವ ಮೂಲ ಅಧಿಕಾರ ಬಿಷಪ್ಪರದೇ ಆದ್ದರಿಂದ, ಬಿಷಪ್ಪರ ಪೀಠ ಊರಲ್ಲೇ ಇರುವುದು ಇಲ್ಲಿನ ಕುಟುಂಬಗಳಿಗೆ ದೊಡ್ಡ ಅನುಕೂಲ. ಕಮಲಾಪುರದಿಂದ ಕಲಬುರಗಿಗೆ ನಲವತ್ತು ಕಿಲೋಮೀಟರ್‌ಗಿಂತ ಹೆಚ್ಚಿಲ್ಲ.

ಅಪ್ಪ, ಅವ್ವ ಸ್ಪಾನ್ಸರ್ ಆಗುವಂತಿಲ್ಲ. ಈ ನಿಯಮ ಅನೇಕರಿಗೆ ಕೊನೆಗಳಿಗೆಯಲ್ಲಿ ಗೊತ್ತಾಗುತ್ತದೆ. ಹೆತ್ತವರ ಹೊಣೆ ಮೊದಲೇ ಇದೆ. ಅದರ ಜೊತೆಗೆ ಇನ್ನೊಬ್ಬರ ಆಸರೆ ಸಿಗಲಿ ಎಂಬುದು ಸಭೆಯ ಆಶಯ. ಹಾಗೆಂದು ಅವರನ್ನು ದೂರ ಇಟ್ಟಿಲ್ಲ. ತಾಯಿತಂದೆಯೇ ಮಗುವನ್ನು ಬಿಷಪ್ಪರ ಮುಂದೆ ಕರೆತರಬಹುದು ಎಂದು 1971ರ ವಿಧಿಪುಸ್ತಕ ಹೇಳುತ್ತದೆ. ಸ್ಪಾನ್ಸರ್ ಇಲ್ಲದ ಮಾತ್ರಕ್ಕೆ ಸಂಸ್ಕಾರ ಅಸಿಂಧುವೂ ಆಗದು. ‘ಸಾಧ್ಯವಾದ ಮಟ್ಟಿಗೆ’ ಒಬ್ಬರು ಇರಬೇಕು ಎಂಬುದಷ್ಟೇ ನಿಯಮ.

ಅಜ್ಜ, ಅಜ್ಜಿ? ಆಗಬಹುದು. ಅಕ್ಕ, ಅಣ್ಣ? ಆಗಬಹುದು, 16 ತುಂಬಿದ್ದರೆ. ಬಿಷಪ್ಪರು ಬೇರೆ ವಯಸ್ಸು ಗೊತ್ತುಮಾಡಬಹುದು. ತಕ್ಕ ಕಾರಣವಿದ್ದರೆ ಫಾದರ್ ಕೂಡ ವಿನಾಯಿತಿ ಕೊಡಬಹುದು. ಧರ್ಮೋಪದೇಶ ಕಲಿಸಿದ ಟೀಚರ್? ಧಾರಾಳವಾಗಿ. ಸ್ಪಾನ್ಸರ್ ಆಗುವವರು ಕಥೋಲಿಕರಾಗಿರಬೇಕು, ತಾವೇ ದೃಢೀಕರಣ ಮತ್ತು ಪರಮಪ್ರಸಾದ ಪಡೆದಿರಬೇಕು, ವಿಶ್ವಾಸಕ್ಕೆ ತಕ್ಕ ಬಾಳು ನಡೆಸುತ್ತಿರಬೇಕು, ಸಭೆಯ ದಂಡನೆಗೆ ಒಳಗಾಗಿರಬಾರದು. ಇಷ್ಟರಲ್ಲಿ ಎಲ್ಲಿಯೂ ಆಸ್ತಿ, ಹುದ್ದೆ, ಓದಿನ ಮಾತಿಲ್ಲ. ದಿನಗೂಲಿಗೆ ಹೋಗುವ, ಭಾನುವಾರದ ಬಲಿಪೂಜೆ ತಪ್ಪಿಸದ ಹೆಣ್ಣುಮಗಳೊಬ್ಬಳು ಇಂಜಿನಿಯರ್ ಚಿಕ್ಕಪ್ಪನಿಗಿಂತ ಮಿಗಿಲಾದ ಸ್ಪಾನ್ಸರ್ ಆಗಬಲ್ಲಳು. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಹುಡುಗನಿಗೆ ಗಂಡಸು, ಹುಡುಗಿಗೆ ಹೆಂಗಸು ಎಂಬ ನಿಯಮ ಈಗ ಇಲ್ಲ. ಹಿರಿಯರು ಹಾಗೆ ಹೇಳಿದರೆ ಅವರದು ತಪ್ಪೇನಲ್ಲ, 1917ರ ಧರ್ಮಸಭಾ ಕಾನೂನಿನಲ್ಲಿ ಅದು ಇತ್ತು. ಜ್ಞಾನಸ್ನಾನಕ್ಕೆ ನಿಂತವರೇ ದೃಢೀಕರಣಕ್ಕೂ ನಿಲ್ಲಬಾರದು ಎಂದೂ ಅದೇ ಕಾನೂನು ಹೇಳುತ್ತಿತ್ತು. ಈಗ ಪೂರ್ತಿ ತಿರುವುಮುರುವಾಗಿದೆ. 1983ರ ಹೊಸ ಕಾನೂನಿನ 893ನೇ ವಿಧಿ, ಜ್ಞಾನಸ್ನಾನದ ಜ್ಞಾನತಂದೆ ಅಥವಾ ಜ್ಞಾನತಾಯಿಯೇ ಮತ್ತೆ ನಿಂತರೆ ಒಳ್ಳೆಯದು ಎನ್ನುತ್ತದೆ. ಎರಡೂ ಸಂಸ್ಕಾರಗಳ ನಂಟು ಎದ್ದು ಕಾಣಲಿ ಎಂಬುದು ಇದರ ಉದ್ದೇಶ.

ನಮ್ಮ ಭಾಗದ ತೊಡಕು ಇಲ್ಲೇ ಶುರುವಾಗುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವ ಮನೆಗಳು ಇಲ್ಲಿ ಬಹಳ. ಕೂಸಿಗೆ ಜ್ಞಾನತಂದೆಯಾಗಿ ನಿಂತವರು ಎಷ್ಟೋ ವರ್ಷದಿಂದ ಮುಂಬೈಯಲ್ಲಿದ್ದು, ಮಗು ಅವರ ಮುಖ ನೋಡಿದ್ದು ಫೋನಿನಲ್ಲಿ ಮಾತ್ರ ಎಂಬ ಸ್ಥಿತಿ ಇರಬಹುದು. ಆಗ ಏನು ಮಾಡುವುದು? ‘ಒಳ್ಳೆಯದು’ ಎಂದಿರುವುದನ್ನು ‘ಕಡ್ಡಾಯ’ ಎಂದು ಓದಬೇಕಿಲ್ಲ. ಅವರು ಮಗುವಿನ ಜೊತೆ ಒಡನಾಟ ಉಳಿಸಿಕೊಂಡಿದ್ದರೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬರಲಿ, ಬಹಳ ಸಂತೋಷ. ಇಲ್ಲದಿದ್ದರೆ ವಾರಕ್ಕೊಮ್ಮೆ ಚರ್ಚಿನಲ್ಲಿ ಸಿಗುವ, ಮಗು ತಪ್ಪು ದಾರಿ ಹಿಡಿದರೆ ಕರೆದು ಕೂಡ್ರಿಸಿ ಮಾತಾಡಬಲ್ಲ ಒಬ್ಬರನ್ನು ಆರಿಸುವುದು ಮೇಲು.

ಸೋದರಮಾವನನ್ನು ಬಿಟ್ಟರೆ ಹೇಗೆ ಎಂಬ ಚಿಂತೆಯೂ ಇಲ್ಲಿ ಸಹಜ. ‘ನಮ್ಮ ಮಾವಗ ಬ್ಯಾಸರ ಆಗ್ತದ್ರೀ’ ಎಂಬ ಒಂದೇ ಮಾತಿಗೆ ಹೆಸರು ನಿರ್ಧಾರವಾಗಿಬಿಡುತ್ತದೆ. ಮಾವನ ಮಾನಕ್ಕೆ ಮದುವೆಯಲ್ಲಿ, ತೊಟ್ಟಿಲ ಕಾರ್ಯದಲ್ಲಿ ಬೇಕಾದಷ್ಟು ಜಾಗವಿದೆ. ದೃಢೀಕರಣದ ಆಯ್ಕೆ ನೆಂಟಸ್ತಿಕೆಯ ಬಾಕಿ ತೀರಿಸಲು ಇರುವುದಲ್ಲ.

ಬೀದರ್, ಕಲಬುರಗಿ ಕಡೆ ಮೆಥೋಡಿಸ್ಟ್ ಸಭೆ ಹಳೆಯದು. ಒಂದೇ ಬಳಗದಲ್ಲಿ ಒಂದು ಮನೆ ಮೆಥೋಡಿಸ್ಟ್, ಒಂದು ಮನೆ ಕಥೋಲಿಕ ಆಗಿರುವುದುಂಟು. ಮೆಥೋಡಿಸ್ಟ್ ದೊಡ್ಡಪ್ಪ ಎಷ್ಟೇ ಭಕ್ತರಾದರೂ ದೃಢೀಕರಣಕ್ಕೆ ಸ್ಪಾನ್ಸರ್ ಆಗಲಾರರು. ಜ್ಞಾನಸ್ನಾನಕ್ಕಾದರೆ ಕಥೋಲಿಕ ಸ್ಪಾನ್ಸರ್ ಜೊತೆಯಲ್ಲಿ ಸಾಕ್ಷಿಯಾಗಿ ನಿಲ್ಲಬಹುದು. ಇದನ್ನು ಮೊದಲೇ ಅವರಿಗೆ ಗೌರವದಿಂದ ತಿಳಿಸಿದರೆ ಮನಸ್ತಾಪಕ್ಕೆ ಎಡೆ ಇರುವುದಿಲ್ಲ.

ಸ್ಪಾನ್ಸರ್ ಉಡುಗೊರೆ ತರಲೇಬೇಕೇ? ಅಂಥ ನಿಯಮ ಎಲ್ಲಿಯೂ ಇಲ್ಲ. ಬಟ್ಟೆ, ಉಂಗುರ, ಆಯೇರದ ಲೆಕ್ಕ ಎಲ್ಲವೂ ನಾವು ಸೇರಿಸಿಕೊಂಡದ್ದು. ಈ ಖರ್ಚಿಗೆ ಅಂಜಿ ಹಿಂದೆ ಸರಿಯುವ ಒಳ್ಳೆಯ ಜನರಿದ್ದಾರೆ ಎಂಬುದೇ ನನಗೆ ನೋವಿನ ಸಂಗತಿ. ಒಂದು ಜಪಸರ ಸಾಕು. ಬೇಕೆನಿಸಿದರೆ ಭೌಗೋಳಿಕ ಸೂಚಿಕೆ ಪಡೆದ ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಡಜನ್!

ಇಟಲಿಯ ಸಿಸಿಲಿ ದ್ವೀಪದ ಕತಾನಿಯ ಮಹಾಧರ್ಮಪ್ರಾಂತ್ಯ 2021ರ ಅಕ್ಟೋಬರ್‌ನಿಂದ ಮೂರು ವರ್ಷದ ಪ್ರಯೋಗವಾಗಿ ಜ್ಞಾನಸ್ನಾನಕ್ಕೂ ದೃಢೀಕರಣಕ್ಕೂ ಸ್ಪಾನ್ಸರ್ ನೇಮಿಸುವುದನ್ನೇ ನಿಲ್ಲಿಸಿತು. ಕಾರಣ, ಸ್ಪಾನ್ಸರ್ ಎಂಬುದು ಬರೀ ಸಾಮಾಜಿಕ ಸಂಬಂಧ ಬೆಸೆಯುವ, ದೊಡ್ಡವರ ಆಶ್ರಯ ಗಿಟ್ಟಿಸುವ ಪದ್ಧತಿಯಾಗಿತ್ತು. ಅಂಥ ಕಠಿಣ ಕ್ರಮ ನಮ್ಮಲ್ಲಿ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅಲ್ಲಿ ಆದದ್ದನ್ನು ನಾವೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ದೃಢೀಕರಣದಲ್ಲಿ ಹಣೆಗೆ ಹಚ್ಚುವ ಕ್ರಿಸ್ಮ ತೈಲವನ್ನು ಬಿಷಪ್ಪರೊಬ್ಬರೇ ಪ್ರತಿಷ್ಠಿಸಬಲ್ಲರು. ಸಾಮಾನ್ಯವಾಗಿ ಪವಿತ್ರ ಗುರುವಾರ, ಇಲ್ಲವೇ ಅದರ ಹತ್ತಿರದ ಒಂದು ದಿನ, ಫಾದರುಗಳು ಬಿಷಪ್ಪರೊಂದಿಗೆ ಸೇರುವ ಪೂಜೆಯಲ್ಲಿ ಅದು ಸಿದ್ಧವಾಗುತ್ತದೆ. ಆಲಿವ್ ಅಥವಾ ಬೇರೆ ಸಸ್ಯದ ಎಣ್ಣೆಗೆ ಸುಗಂಧದ ಬಾಲ್ಸಮ್ ಬೆರೆಸುತ್ತಾರೆ. ದೃಢೀಕರಣದ ಪೂಜೆ ಮುಗಿಸಿ ಮನೆಗೆ ಬಂದ ಮೇಲೂ ಮಗುವಿನ ಹಣೆಯಲ್ಲಿ ಆ ಪರಿಮಳ ಇರುತ್ತದೆ. ಬಿಷಪ್ಪರು ಕೆನ್ನೆಗೆ ಮೆಲ್ಲಗೆ ತಟ್ಟುತ್ತಿದ್ದ ಹಳೆಯ ಪದ್ಧತಿ ಮಾತ್ರ 1971ರ ವಿಧಿಯಲ್ಲಿ ಇಲ್ಲ.

ಕರ್ನಾಟಕದಲ್ಲೇ ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಧರ್ಮಪ್ರಾಂತ್ಯಗಳಿರುವ ಸಿರೋ ಮಲಬಾರ್ ಸಭೆಯಲ್ಲಿ ಈ ತೈಲಾಭಿಷೇಕ ಜ್ಞಾನಸ್ನಾನದ ಜೊತೆಗೇ ಕೂಸಿಗೆ ಆಗಿಬಿಡುತ್ತದೆ. ಅಂಥವರಿಗೆ ನಮ್ಮ ಚರ್ಚಿನಲ್ಲಿ ಮತ್ತೊಮ್ಮೆ ಕೊಡುವಂತಿಲ್ಲ, ಏಕೆಂದರೆ ದೃಢೀಕರಣ ಬಾಳಿಗೆ ಒಂದೇ ಸಲ.

ಬೈಬಲಿನಲ್ಲಿ ಸ್ಪಾನ್ಸರ್ ಕೆಲಸಕ್ಕೆ ಒಳ್ಳೆಯ ಮಾದರಿ ಬಾರ್ನಬ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲ ಮನಸ್ಸು ತಿರುಗಿ ಜೆರುಸಲೇಮಿಗೆ ಬಂದಾಗ ಶಿಷ್ಯರೆಲ್ಲ ಹೆದರಿದರು. ಬಾರ್ನಬನೊಬ್ಬನೇ ಅವನನ್ನು ಪ್ರೇಷಿತರ ಬಳಿ ಕರೆದೊಯ್ದು, ಅವನ ಪರವಾಗಿ ಮಾತಾಡಿದ. ಈ ಸಂಗತಿ ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿದೆ. ಶರಣಬಸವೇಶ್ವರರ ಗುಡಿ, ಬಂದೇ ನವಾಜರ ದರ್ಗಾ ಇರುವ ಕಲಬುರಗಿಗೆ ಗುರು ಎಂದರೇನು ಎಂದು ಹೊಸದಾಗಿ ಹೇಳಬೇಕಿಲ್ಲ. ಸ್ಪಾನ್ಸರ್ ಮಾತ್ರ ಗುರುವಲ್ಲ. ಬಾರ್ನಬನ ಹಾಗೆ ಜೊತೆಗೆ ನಡೆದು, ಬೇಕಾದಾಗ ಪರವಾಗಿ ನಿಲ್ಲುವ ಹಿರಿಯ ಸಂಗಾತಿ.

ದೃಢೀಕರಣದ ವಹಿಯಲ್ಲಿ ಮಗುವಿನ ಹೆಸರಿನ ಜೊತೆ ತಾಯಿತಂದೆಯರು, ಸ್ಪಾನ್ಸರ್, ಬಿಷಪ್ಪರ ಹೆಸರು, ಸ್ಥಳ, ದಿನಾಂಕ ಎಲ್ಲವೂ ದಾಖಲಾಗುತ್ತವೆ. ಜ್ಞಾನಸ್ನಾನ ಪುಣೆಯಲ್ಲಾಗಿದ್ದು ದೃಢೀಕರಣ ಕಲಬುರಗಿಯಲ್ಲಾದರೆ ಪುಣೆಯ ಚರ್ಚಿಗೂ ಸುದ್ದಿ ಹೋಗಬೇಕು, ಅಲ್ಲಿನ ಜ್ಞಾನಸ್ನಾನದ ವಹಿಯಲ್ಲಿ ನಮೂದಾಗಬೇಕು. ದೊಡ್ಡ ತೊಂದರೆ ಇಲ್ಲದಿದ್ದರೆ ಮದುವೆಗೆ ಮೊದಲು ದೃಢೀಕರಣ ಆಗಿರಬೇಕು ಎಂಬ ನಿಯಮವೂ ಇರುವುದರಿಂದ ಈ ದಾಖಲೆ ಮುಂದೆ ಕೆಲಸಕ್ಕೆ ಬರುತ್ತದೆ. ಜ್ಞಾನಸ್ನಾನದ ಪ್ರಮಾಣಪತ್ರವನ್ನು ಈಗಲೇ ಹುಡುಕಿ ಇಟ್ಟುಕೊಳ್ಳಿ.

ಸ್ಪಾನ್ಸರನ್ನು ಗೊತ್ತುಮಾಡುವ ಹಕ್ಕಿನಲ್ಲಿ ಸಂಸ್ಕಾರ ಪಡೆಯುವವರ ಹೆಸರೇ ಮೊದಲು ಬರುತ್ತದೆ, ಆಮೇಲೆ ಹೆತ್ತವರು, ಅವರೂ ಇಲ್ಲದಿದ್ದರೆ ಫಾದರ್. ಆದ್ದರಿಂದ ಚರ್ಚಿಗೆ ಹೆಸರು ಬರೆದು ಕೊಡುವ ಮೊದಲು ಮಗನನ್ನೋ ಮಗಳನ್ನೋ ಕೂಡ್ರಿಸಿಕೊಂಡು ಕೇಳಿ: ‘ನಿನಗೆ ಯಾರು ಬೇಕು, ಯಾಕೆ ಬೇಕು?’ ಅವರು ಹೇಳಿದವರನ್ನು ಹೋಗಿ ಕಾಣಿ, ಈ ಹೊಣೆ ಹೊರಲು ಮನಸ್ಸಿದೆಯೇ ಎಂದು ವಿಚಾರಿಸಿ, ನಂತರ ಫಾದರ್ ಬಳಿ ಹೋಗಿ.