ನಿಮಗಿದು ಗೊತ್ತೇ? ಅಲರ್ಟ್ ಬಂತು, ಪ್ಯಾಕೆಟ್ ಎಲ್ಲಿ?

ನೆಟ್‌ವರ್ಕಿಗೆ ಯಾರೋ ನುಸುಳಿದಂತಿದೆ ಎಂದು ಸುರಿಕಾಟಾ ಎಂಬ ತಂತ್ರಾಂಶ ಅಲರ್ಟ್ ಕೊಡುತ್ತದೆ. ನಿಜವೋ ಸುಳ್ಳೋ ನೋಡೋಣವೆಂದು ಆ ಹೊತ್ತಿನ ಪ್ಯಾಕೆಟ್‌ಗಳನ್ನು ಹುಡುಕಿದರೆ ಏನೂ ಸಿಗುವುದಿಲ್ಲ. ಪ್ಯಾಕೆಟ್ ಇಲ್ಲದ ಅಲರ್ಟ್ ಸಾಕ್ಷಿಯಿಲ್ಲದ ದೂರಿನ ಹಾಗೆ. ಒಪ್ಪುವಂತೆಯೂ ಇಲ್ಲ, ತಳ್ಳಿಹಾಕುವಂತೆಯೂ ಇಲ್ಲ. ನುಸುಳುಕೋರನೇ ಅಳಿಸಿರಬಹುದೆಂದು ಮೊದಲು ಅನ್ನಿಸುವುದು ಸಹಜ. ಆದರೆ ಹೆಚ್ಚಿನ ಸಲ ಪ್ಯಾಕೆಟ್ ಕಳೆದಿರುವುದು ನಾವೇ ಕಟ್ಟಿದ ವ್ಯವಸ್ಥೆಯೊಳಗೆ. ಎಲ್ಲೆಲ್ಲಿ ಕಳೆಯುತ್ತದೆ, ನೋಡೋಣ ಬನ್ನಿ.

ಅಲರ್ಟ್ ಕೊಡುವ ತಂತ್ರಾಂಶ ಬೇರೆ, ಪ್ಯಾಕೆಟ್ ಬರೆದಿಡುವ ತಂತ್ರಾಂಶ ಬೇರೆ ಆಗಿರಬಹುದು, ಗೊತ್ತೇ? ಸೆಕ್ಯುರಿಟಿ ಆನಿಯನ್ ಎಂಬ ಉಚಿತ ವ್ಯವಸ್ಥೆಯಲ್ಲಿ ಬಹುಕಾಲ ಸುರಿಕಾಟಾ ಅಲರ್ಟ್ ಕೊಡುತ್ತಿತ್ತು, ಗೂಗಲ್‌ನಿಂದ ಬಂದ ಸ್ಟೆನೋಗ್ರಾಫರ್ ಪ್ಯಾಕೆಟ್ ಬರೆಯುತ್ತಿತ್ತು. ಒಂದೇ ತಂತಿಯಿಂದ ಬಂದ ಪ್ಯಾಕೆಟ್‌ನ ಎರಡು ಪ್ರತಿಗಳು ಎರಡು ದಾರಿ ಹಿಡಿಯುತ್ತಿದ್ದವು. ಒಂದಕ್ಕೆ ಸಿಕ್ಕಿದ್ದು ಇನ್ನೊಂದಕ್ಕೆ ಸಿಕ್ಕೇ ಸಿಗಬೇಕೆಂದಿಲ್ಲ. ಹಾಗಾಗಿ ಅಲರ್ಟ್ ಬರುತ್ತಿದೆ ಎಂದಮಾತ್ರಕ್ಕೆ ರೆಕಾರ್ಡಿಂಗ್ ಸರಿಯಾಗಿದೆ ಎಂದುಕೊಳ್ಳುವಂತಿಲ್ಲ. ಹುಡುಕಾಟ ಶುರುವಾಗಬೇಕಾದದ್ದು ಇಲ್ಲಿಂದಲೇ: ಬರೆಯುವ ತಂತ್ರಾಂಶ ಈಗ ಓಡುತ್ತಿದೆಯೇ?

ಪ್ಯಾಕೆಟ್‌ಗಳನ್ನು ಬರೆದಿಡುವ ಪಿಕ್ಯಾಪ್ ಕಡತ ಭಾರತೀಯ ಕಾಲಮಾನವನ್ನು ಅರಿಯದು. ಪ್ರತಿ ಪ್ಯಾಕೆಟ್‌ನ ಹೊತ್ತನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ, ಯುಟಿಸಿ ಲೆಕ್ಕದಲ್ಲಿ ಅದು ಬರೆದುಕೊಳ್ಳುತ್ತದೆ. ಕಡತದ ಆರಂಭದ 24 ಬೈಟ್‌ಗಳಲ್ಲಿ ಕಾಲವಲಯಕ್ಕೆಂದೇ ಒಂದು ಜಾಗವಿದೆ. ರೂಢಿಯಲ್ಲಿ ಅಲ್ಲಿ ಸೊನ್ನೆಯನ್ನೇ ಬರೆಯುತ್ತಾರೆ. ಇದರ ಪರಿಣಾಮ ನಮ್ಮ ಕಡೆಯ ಎಂಜಿನಿಯರಿಗೆ ಚೆನ್ನಾಗಿ ತಟ್ಟುತ್ತದೆ. ಬೆಂಗಳೂರಿನಲ್ಲಿ ಮಧ್ಯಾಹ್ನ 2:30ಕ್ಕೆ ಬಂದ ಅಲರ್ಟ್ ಯುಟಿಸಿಯಲ್ಲಿ ಬೆಳಗ್ಗೆ 9 ಗಂಟೆಯದು. ಯುಟಿಸಿ ಕೇಳುವ ಜಾಗದಲ್ಲಿ 14:30 ಎಂದು ತುಂಬಿದರೆ ನೀವು ಹುಡುಕುತ್ತಿರುವುದು ಅದೇ ದಿನ ರಾತ್ರಿ 8 ಗಂಟೆಯ ಪ್ಯಾಕೆಟ್‌ಗಳನ್ನು. ಅವು ಇನ್ನೂ ಹುಟ್ಟಿಯೇ ಇಲ್ಲ! ನಸುಕಿನ ಅಲರ್ಟ್‌ಗಳಲ್ಲಿ ತಾರೀಖೇ ಬದಲಾಗುತ್ತದೆ. 15ರ ಬೆಳಗಿನ ಜಾವ 3 ಗಂಟೆಯೆಂದರೆ ಯುಟಿಸಿಯಲ್ಲಿ 14ರ ರಾತ್ರಿ 9:30. ದಿನಾಂಕದ ಹೆಸರಿನ ಫೋಲ್ಡರುಗಳಲ್ಲಿ ಕಡತ ಇಡುವ ಕಡೆ 15ರ ಫೋಲ್ಡರನ್ನು ಎಷ್ಟು ಜಾಲಾಡಿದರೂ ಪ್ರಯೋಜನವಿಲ್ಲ. ಡಿಸ್ಕ್, ಸ್ವಿಚ್, ಕೇಬಲ್ ಎಂದು ಎಲ್ಲವನ್ನೂ ಕಳಚಿ ನೋಡುವ ಮೊದಲು ಈ ಐದೂವರೆ ಗಂಟೆಯನ್ನು ಕಳೆದು ನೋಡಿ.

ಅಲರ್ಟ್‌ನ ಹೊತ್ತು ಬೇರೆ, ಸಂಪರ್ಕ ಶುರುವಾದ ಹೊತ್ತು ಬೇರೆ. ಬೆಳಗ್ಗೆ ಶುರುವಾದ ಒಂದು ಸಂಪರ್ಕ ಸಂಜೆ ಅಲರ್ಟ್ ಎಬ್ಬಿಸಬಹುದು. ಅಲರ್ಟ್‌ನ ಹಿಂದುಮುಂದಿನ ಐದು ನಿಮಿಷವನ್ನಷ್ಟೇ ಕೇಳಿದರೆ ಮಾತುಕತೆಯ ಬಾಲ ಸಿಗುತ್ತದೆ, ತಲೆ ಸಿಗದು. ಸುರಿಕಾಟಾದ ಈವ್ ಲಾಗ್‌ನಲ್ಲಿ ಆ ಸಂಪರ್ಕದ ಆರಂಭದ ಹೊತ್ತೂ ಬರೆದಿರುತ್ತದೆ. ಹುಡುಕಾಟವನ್ನು ಅಲ್ಲಿಂದ ಶುರು ಮಾಡಬೇಕು.

ಕೆಲವೊಮ್ಮೆ ಮದ್ದು ಒಂದೇ: ಒಂದು ನಿಮಿಷ ಕಾಯುವುದು. ಸ್ಟೆನೋಗ್ರಾಫರ್‌ನಂಥ ತಂತ್ರಾಂಶಗಳು ನಿಮಿಷಕ್ಕೊಮ್ಮೆ ಕಡತ ಮುಚ್ಚಿ ಹೊಸದನ್ನು ತೆರೆಯುತ್ತವೆ. ಮುಚ್ಚದ ಕಡತದಲ್ಲಿ ಹುಡುಕಲಾಗದು.

ಒಂದು ದಿಕ್ಕಿನಲ್ಲಿ ಪೂರ್ತಿ ತುಂಬಿ ಹರಿಯುವ 1 ಗಿಗಾಬಿಟ್ ಲೈನಿನ ಒಂದು ದಿನದ ಪ್ಯಾಕೆಟ್‌ಗಳಿಗೆ ಎಷ್ಟು ಜಾಗ ಬೇಕು, ಗೊತ್ತೇ? ಸೆಕೆಂಡಿಗೆ 125 ಮೆಗಾಬೈಟ್, ಗಂಟೆಗೆ 450 ಗಿಗಾಬೈಟ್, ದಿನಕ್ಕೆ 10.8 ಟೆರಾಬೈಟ್. ಡಿಸ್ಕ್ ತುಂಬುತ್ತ ಬಂದಂತೆ ತಂತ್ರಾಂಶ ಹಳೆಯ ಕಡತಗಳನ್ನು ತಾನೇ ಅಳಿಸುತ್ತದೆ, ಯಾರನ್ನೂ ಕೇಳುವುದಿಲ್ಲ. ಲೈನು ಸರಾಸರಿ ಶೇ. 30ರಷ್ಟೇ ತುಂಬಿರುತ್ತದೆ, ಡಿಸ್ಕ್ 8 ಟೆರಾಬೈಟಿನದು ಎನ್ನೋಣ. ಆಗ ಒಂದು ಪ್ಯಾಕೆಟ್‌ನ ಆಯುಷ್ಯ ಸುಮಾರು 59 ಗಂಟೆ. ಶುಕ್ರವಾರ ಸಂಜೆ 6ರಿಂದ ಸೋಮವಾರ ಬೆಳಗ್ಗೆ 9ಕ್ಕೆ 63 ಗಂಟೆ. ಶುಕ್ರವಾರ ಸಂಜೆ ಬಂದು ವಾರಾಂತ್ಯದಲ್ಲಿ ಯಾರೂ ನೋಡದ ಅಲರ್ಟ್ ಸೋಮವಾರವೂ ಪರದೆಯ ಮೇಲೆ ಇರುತ್ತದೆ, ಏಕೆಂದರೆ ಅಲರ್ಟ್‌ಗೆ ಬೇಕಾದದ್ದು ಒಂದೆರಡು ಕಿಲೋಬೈಟ್ ಮಾತ್ರ. ಅದರ ಸಾಕ್ಷಿ ಮಾತ್ರ ಆ ಬೆಳಗಿನ ಜಾವವೇ ಅಳಿಸಿಹೋಗಿರುತ್ತದೆ. ಇದು ತಂತ್ರಾಂಶದ ದೋಷವಲ್ಲ, ಡಿಸ್ಕ್ ಖರೀದಿಸುವಾಗ ಮಾಡದ ಲೆಕ್ಕದ ಫಲ.

ಸೈಬರ್ ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು ಎಂದು ಭಾರತದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ಯಂತ್ರಗಳ ಗಡಿಯಾರವನ್ನು ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕೆಂಬ ಮಾತೂ ಅದರಲ್ಲಿದೆ. ಲಾಗ್ ಎಂದರೆ ಪ್ಯಾಕೆಟ್ ಅಲ್ಲ. ಮೇಲಿನ ಲೆಕ್ಕದಲ್ಲಿ ತುಂಬಿದ ಒಂದೇ ಒಂದು ಗಿಗಾಬಿಟ್ ಲೈನಿನ 180 ದಿನದ ಪ್ಯಾಕೆಟ್ ಇಡಲು 1,944 ಟೆರಾಬೈಟ್ ಬೇಕು. ಅಷ್ಟನ್ನು ಇಡಲಾಗದು ಸರಿ. ಗಂಭೀರವಾದ ಅಲರ್ಟ್ ಬಂದ ಕೂಡಲೇ ಅದರ ಪ್ಯಾಕೆಟ್‌ಗಳನ್ನು ಬೇರೆ ಕಡೆ ನಕಲು ಮಾಡಿಡುವ ಏರ್ಪಾಡು ಮಾತ್ರ ಯಾವ ಸಂಸ್ಥೆಗೂ ಭಾರವಲ್ಲ.

ಈ ತಂತ್ರಾಂಶಗಳು ಓಡುವ ಯಂತ್ರಕ್ಕೆ, ಅಂದರೆ ಸೆನ್ಸರ್‌ಗೆ, ಪ್ಯಾಕೆಟ್‌ಗಳ ನಕಲು ತಲುಪಿಸುವ ಸ್ವಿಚ್‌ನ ಮಿರರ್ ಪೋರ್ಟ್‌ಗೂ ಮಿತಿಯಿದೆ. 1 ಗಿಗಾಬಿಟ್ ಲೈನಿನಲ್ಲಿ ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದು ಒಟ್ಟು 2 ಗಿಗಾಬಿಟ್ ಹರಿಯಬಲ್ಲದು. ಆ ಎರಡನ್ನೂ ಮಿರರ್ ಪೋರ್ಟ್ ಒಂದೇ ದಿಕ್ಕಿನಲ್ಲಿ, ಗರಿಷ್ಠ 1 ಗಿಗಾಬಿಟ್‌ನಲ್ಲಿ ಸಾಗಿಸಬೇಕು. ಮಿಕ್ಕಿದ್ದನ್ನು ಸ್ವಿಚ್ ಸದ್ದಿಲ್ಲದೆ ಕೈಬಿಡುತ್ತದೆ. ಇಲ್ಲಿ ಎಚ್ಚರ ಬೇಕು: ಸೆನ್ಸರ್‌ನ ನಷ್ಟದ ಲೆಕ್ಕ ಆಗಲೂ ಸೊನ್ನೆಯೇ ತೋರಿಸುತ್ತದೆ. ತನ್ನ ಬಾಗಿಲಿಗೇ ಬಾರದ ಪ್ಯಾಕೆಟ್ ಕಳೆದುಹೋಯಿತೆಂದು ಅದು ಹೇಗೆ ಹೇಳೀತು? ನೋಡಬೇಕಾದದ್ದು ಸ್ವಿಚ್‌ನ ಮಿರರ್ ಪೋರ್ಟ್ ಲೆಕ್ಕ. ನೆಟ್‌ವರ್ಕ್ ಟ್ಯಾಪ್ ಎಂಬ ಚಿಕ್ಕ ಸಾಧನ ಎರಡೂ ದಿಕ್ಕುಗಳನ್ನು ಬೇರೆಬೇರೆ ಕೇಬಲ್‌ಗಳಲ್ಲಿ ಕೊಡುತ್ತದೆ. ಮುಖ್ಯವಾದ ಲೈನುಗಳಿಗೆ ಅದೇ ಸರಿಯಾದ ದಾರಿ.

ಹಾಗಾದರೆ ಕಾಣದ ನಷ್ಟವನ್ನು ಅಳೆಯುವುದು ಹೇಗೆ? ಈ ಅಂಕಣದ ಸಂಗತಿಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಜೀಕ್ ಎಂಬ ತಂತ್ರಾಂಶ ಇದಕ್ಕೆ ಹೂಡಿರುವ ಉಪಾಯ. ಟಿಸಿಪಿಯಲ್ಲಿ ದತ್ತಾಂಶ ಪಡೆದವರು ‘ಇಷ್ಟು ಬೈಟ್ ತಲುಪಿತು’ ಎಂದು ರಸೀದಿ ಕಳಿಸುತ್ತಾರೆ. ರಸೀದಿ ಕಣ್ಣಿಗೆ ಬಿದ್ದು, ಆ ಬೈಟ್‌ಗಳು ಮಾತ್ರ ಬೀಳದಿದ್ದರೆ ಅವು ತಲುಪಬೇಕಾದಲ್ಲಿಗೆ ತಲುಪಿವೆ, ಸೆನ್ಸರ್‌ಗೆ ಮಾತ್ರ ತಪ್ಪಿಹೋಗಿವೆ ಎಂದಾಯಿತು. ಜೀಕ್ ಇಂಥ ಅಂತರಗಳನ್ನು ಎಣಿಸಿ, 15 ನಿಮಿಷಕ್ಕೊಮ್ಮೆ ನಷ್ಟದ ಶೇಕಡಾವಾರನ್ನು ‘ಕ್ಯಾಪ್ಚರ್ ಲಾಸ್’ ಎಂಬ ಲಾಗ್‌ಗೆ ಬರೆಯಬಲ್ಲದು. ಸ್ವಿಚ್ ಕೈಬಿಟ್ಟದ್ದೂ ಇಲ್ಲಿ ಸಿಕ್ಕಿಬೀಳುತ್ತದೆ. ಸೆನ್ಸರ್‌ನೊಳಗೇ ಆದ ನಷ್ಟಕ್ಕಾದರೆ ಸುರಿಕಾಟಾದ ಅಂಕಿಅಂಶಗಳಲ್ಲಿ ‘ಕರ್ನೆಲ್ ಡ್ರಾಪ್ಸ್’ ಎಂಬ ಸಾಲು ನೋಡಿದರೆ ಸಾಕು.

1 ಗಿಗಾಬಿಟ್ ಲೈನಿನಲ್ಲಿ ಬರೀ 64 ಬೈಟ್‌ನ ಪುಟ್ಟ ಪ್ಯಾಕೆಟ್‌ಗಳೇ ಬಂದರೆ ಸೆಕೆಂಡಿಗೆ 14.88 ಲಕ್ಷ ಹಿಡಿಯುತ್ತವೆ. ಸೆನ್ಸರ್ ಬಳಲುವುದಕ್ಕೆ ಬೈಟ್‌ಗಿಂತ ಹೆಚ್ಚಾಗಿ ಈ ಸಂಖ್ಯೆ ಕಾರಣ.

ನಾಲ್ಕೇ ನಾಲ್ಕು ಬೈಟ್ ಇಡೀ ಹುಡುಕಾಟವನ್ನು ಕೆಡಿಸಬಲ್ಲವು, ಗೊತ್ತೇ? ವಿಎಲ್ಯಾನ್ ಟ್ಯಾಗ್ ಎಂದರೆ ಈಥರ್ನೆಟ್ ಫ್ರೇಮಿನ ನಡುವೆ ಸೇರಿಸುವ 4 ಬೈಟ್. ‘ಈ ಐಪಿ ವಿಳಾಸದ್ದು ಕೊಡು’ ಎಂದು ಫಿಲ್ಟರ್ ಬರೆದಾಗ ಅದು ಫ್ರೇಮಿನ ಗೊತ್ತಾದ ಜಾಗದಲ್ಲಿ ‘ಒಳಗಿರುವುದು ಐಪಿ’ ಎಂಬ ಗುರುತನ್ನು ಹುಡುಕುತ್ತದೆ. ಟ್ಯಾಗ್ ಇದ್ದರೆ ಅದೇ ಜಾಗದಲ್ಲಿ ವಿಎಲ್ಯಾನ್ ಗುರುತು ಕೂತಿರುತ್ತದೆ, ಐಪಿ ಗುರುತು 4 ಬೈಟ್ ಮುಂದೆ ಹೋಗಿರುತ್ತದೆ. ಇದು ಐಪಿ ಪ್ಯಾಕೆಟ್ಟೇ ಅಲ್ಲ ಎಂದು ಫಿಲ್ಟರ್ ಪಕ್ಕಕ್ಕೆ ತಳ್ಳುತ್ತದೆ. ಸುರಿಕಾಟಾ ಟ್ಯಾಗ್ ಬಿಡಿಸಿ ಒಳಗಿನದನ್ನು ಓದುವುದರಿಂದ ಅಲರ್ಟ್ ಬರುತ್ತದೆ, ಫಿಲ್ಟರ್ ಹಾಕಿ ಹುಡುಕಿದವರಿಗೆ ಪ್ಯಾಕೆಟ್ ಸಿಗುವುದಿಲ್ಲ. ಪರಿಹಾರ ಸರಳ: ಫಿಲ್ಟರ್‌ನಲ್ಲಿ ಮೊದಲು ಟ್ಯಾಗ್ ಇಲ್ಲದ ವಿಳಾಸ, ‘ಅಥವಾ’ ಎಂದು ಸೇರಿಸಿ ಆಮೇಲೆ ‘ವಿಎಲ್ಯಾನ್ ಮತ್ತು’ ಅದೇ ವಿಳಾಸ. ಈ ಕ್ರಮ ತಿರುವುಮುರುವಾಗಬಾರದು. ಒಮ್ಮೆ ‘ವಿಎಲ್ಯಾನ್’ ಎಂದು ಬರೆದರೆ ಅದರ ಮುಂದಿನ ಎಲ್ಲ ಲೆಕ್ಕವೂ 4 ಬೈಟ್ ಸರಿಯುತ್ತದೆ.

ಇಂಥ ಫಿಲ್ಟರುಗಳ ಮೂಲವಾದ ಬಿಪಿಎಫ್ ಅನ್ನು ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್ 1993ರ ಯೂಸ್‌ನಿಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ವಿವರಿಸಿದರು. ಇಬ್ಬರೂ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು. ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಹುಟ್ಟಿದ್ದೂ ಅಲ್ಲೇ. 1995ರಲ್ಲಿ ವರ್ನ್ ಪ್ಯಾಕ್ಸನ್ ‘ಬ್ರೋ’ ಬರೆಯಲು ಶುರು ಮಾಡಿದ್ದೂ ಅಲ್ಲೇ. 2018ರಲ್ಲಿ ಅದು ಜೀಕ್ ಆಯಿತು. ಅದಕ್ಕೂ ಮೊದಲು, 1986ರಲ್ಲಿ, ಕ್ಲಿಫರ್ಡ್ ಸ್ಟಾಲ್ ಅವರಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ಹೊಂದದೆ ಕಂಡದ್ದು ಅದೇ ಪ್ರಯೋಗಾಲಯದಲ್ಲಿ. ಆ ಎಳೆ ಹಿಡಿದು ಹೋದ ಅವರು ಒಳಬರುವ ಲೈನುಗಳಿಗೆ ಪ್ರಿಂಟರುಗಳನ್ನು ಜೋಡಿಸಿ, ಜರ್ಮನಿಯಿಂದ ನುಸುಳುತ್ತಿದ್ದವನು ಒತ್ತಿದ ಪ್ರತಿ ಕೀಲಿಯನ್ನೂ ಕಾಗದಕ್ಕೆ ಇಳಿಸಿದರು. ಕಂಪ್ಯೂಟರಿನೊಳಗೇ ದಾಖಲಿಸಿದ್ದರೆ ಅವನಿಗೆ ಸುಳಿವು ಸಿಗುವ ಅಪಾಯವಿತ್ತು. ಸಾಕ್ಷಿ ಮೊದಲು, ತೀರ್ಮಾನ ಆಮೇಲೆ ಎಂಬ ಶಿಸ್ತನ್ನು ಅವರಿಂದ ಕಲಿಯಬೇಕು.

ಬ್ಯಾಕಪ್ ಸರ್ವರ್ ರಾತ್ರಿಯಿಡೀ ಡಿಸ್ಕ್ ತುಂಬಿಸುತ್ತದೆಂದು ಅದರ ವಿಳಾಸವನ್ನು ರೆಕಾರ್ಡಿಂಗ್‌ನಿಂದ ಹೊರಗಿಡುತ್ತಾರೆ. ಸೆಕ್ಯುರಿಟಿ ಆನಿಯನ್‌ನಲ್ಲಿ ಪ್ಯಾಕೆಟ್ ಬರೆಯುವುದಕ್ಕೆ ಒಂದು ಫಿಲ್ಟರ್, ಅಲರ್ಟ್‌ಗೆ ಬೇರೊಂದು. ಮೊದಲನೆಯದರಲ್ಲಿ ಮಾತ್ರ ಆ ವಿಳಾಸ ಬಿಟ್ಟಿದ್ದರೆ ಅದರ ಅಲರ್ಟ್‌ಗಳೆಲ್ಲ ಬರುತ್ತವೆ, ಪ್ಯಾಕೆಟ್ ಒಂದೂ ಇರುವುದಿಲ್ಲ. ಯಾವಾಗಲೂ ಅದೇ ಯಂತ್ರದ ಅಲರ್ಟ್‌ಗಳಿಗೆ ಮಾತ್ರ ಪ್ಯಾಕೆಟ್ ಕಾಣೆಯಾಗುತ್ತಿದ್ದರೆ ಮೊದಲು ಈ ಪಟ್ಟಿ ತೆರೆಯಿರಿ.

ಅಲರ್ಟ್‌ನಲ್ಲಿರುವ ಐಪಿ ವಿಳಾಸ ತಂತಿಯ ಮೇಲೆ ಹರಿದದ್ದೇ ಆಗಿರಬೇಕಿಲ್ಲ! ಪ್ರಾಕ್ಸಿ ಅಥವಾ ಲೋಡ್ ಬ್ಯಾಲೆನ್ಸರ್ ಹಿಂದೆ ಕೂತ ಸುರಿಕಾಟಾಗೆ ಎಲ್ಲರೂ ಪ್ರಾಕ್ಸಿಯ ವಿಳಾಸದಿಂದಲೇ ಬಂದಂತೆ ಕಾಣುತ್ತದೆ. ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಹೆಡರಿನಿಂದ ಅಸಲಿ ವಿಳಾಸ ತೆಗೆದು ಅಲರ್ಟ್‌ಗೆ ಹಾಕುವ ಸೌಲಭ್ಯ ಅದರಲ್ಲಿದೆ. ಅದನ್ನು ‘ಓವರ್‌ರೈಟ್’ ಎಂದು ಇಟ್ಟರೆ ಪ್ಯಾಕೆಟ್‌ನ ವಿಳಾಸದ ಜಾಗದಲ್ಲಿ ಅಸಲಿ ವಿಳಾಸ ಕೂರುತ್ತದೆ. ಆ ವಿಳಾಸದಿಂದ ಹುಡುಕಿದರೆ ಪ್ಯಾಕೆಟ್ ಸಿಗುವುದು ಸಾಧ್ಯವೇ ಇಲ್ಲ. ‘ಎಕ್ಸ್‌ಟ್ರಾ-ಡೇಟಾ’ ಎಂದು ಇಟ್ಟರೆ ಎರಡೂ ವಿಳಾಸ ಉಳಿಯುತ್ತವೆ. ಎರಡನೆಯದನ್ನೇ ಆರಿಸಿ ಎಂಬುದು ನನ್ನ ಸಲಹೆ.

ಫೈರ್‌ವಾಲ್ ವಿಳಾಸ ಬದಲಿಸುವುದಕ್ಕೆ ನ್ಯಾಟ್ ಎನ್ನುತ್ತಾರೆ. ಫೈರ್‌ವಾಲ್‌ನ ಒಳಗಡೆ ಸೆನ್ಸರ್ ಇದ್ದರೆ ನ್ಯಾಟ್‌ಗೆ ಮುಂಚಿನ ವಿಳಾಸ ಕಾಣುತ್ತದೆ, ಹೊರಗಡೆ ಇದ್ದರೆ ನ್ಯಾಟ್ ಆದಮೇಲಿನ ವಿಳಾಸ. ಎರಡನ್ನೂ ಬೆರೆಸಿದರೆ ಫಲಿತಾಂಶ ಖಾಲಿ.

ಕಡತ ಸಿಕ್ಕರೂ ಪ್ಯಾಕೆಟ್ ಅರ್ಧವೇ ಇರಬಹುದು. ಹಳೆಯ ಟಿಸಿಪಿಡಂಪ್ ಪ್ರತಿ ಪ್ಯಾಕೆಟ್‌ನ ಮೊದಲ 68 ಬೈಟ್ ಮಾತ್ರ ಉಳಿಸುತ್ತಿತ್ತು. ಈಗಿನದು 2,62,144 ಬೈಟ್‌ವರೆಗೆ ಹಿಡಿಯುತ್ತದೆ. ನೆಟ್‌ವರ್ಕ್ ಕಾರ್ಡ್ ಮತ್ತು ಕರ್ನೆಲ್ ಸೇರಿ ಕೆಲಸ ಹಗುರಾಗಲೆಂದು ಹಲವು ಪ್ಯಾಕೆಟ್‌ಗಳನ್ನು ಒಂದಾಗಿ ಹೊಲಿಯುವುದೂ ಉಂಟು. ಹಿಡಿಯುವ ಮಿತಿ 1,500ರ ಆಸುಪಾಸು ಇದ್ದರೆ ಹೊಲಿದ ಪ್ಯಾಕೆಟ್‌ನ ಉಳಿದ ಭಾಗ ಕತ್ತರಿಸಿಹೋಗುತ್ತದೆ. ಸೆನ್ಸರ್‌ನ ಕಾರ್ಡಿನಲ್ಲಿ ಹೀಗೆ ಹೊಲಿಯುವ ಜಿಆರ್‌ಒ, ಎಲ್‌ಆರ್‌ಒ ಎರಡನ್ನೂ ಇಥ್‌ಟೂಲ್ ಆಜ್ಞೆಯಿಂದ ನಿಲ್ಲಿಸಿಬಿಡುವುದು ಒಳ್ಳೆಯದು.

ಸುರಿಕಾಟಾ ಮೊದಲೇ ಹಾಕಿಕೊಂಡು ಬರುವ ಸೆಟ್ಟಿಂಗ್‌ನಲ್ಲಿ ಒಂದು ಸಂಪರ್ಕದ ಮೊದಲ 1 ಮೆಗಾಬೈಟ್‌ನಷ್ಟನ್ನೇ ಜೋಡಿಸಿ ಪರಿಶೀಲಿಸುತ್ತದೆ. ಪ್ಯಾಕೆಟ್ ಬರೆಯುವುದಕ್ಕೂ ಇದೇ ಮಿತಿ ಅನ್ವಯಿಸಲಿ ಎಂದು ಯಾರಾದರೂ ಆರಿಸಿದ್ದರೆ ಕದ್ದೊಯ್ದ ದೊಡ್ಡ ಕಡತದ ಆರಂಭ ಮಾತ್ರ ನಿಮಗೆ ಸಿಗುತ್ತದೆ.

ಬೇರೆಬೇರೆ ತಂತ್ರಾಂಶಗಳ ದಾಖಲೆಗಳನ್ನು ಜೋಡಿಸಲು ‘ಕಮ್ಯುನಿಟಿ ಐಡಿ’ ಇದೆ. ಎರಡು ವಿಳಾಸ, ಎರಡು ಪೋರ್ಟ್, ಪ್ರೊಟೊಕಾಲ್ ಸೇರಿಸಿ ಲೆಕ್ಕ ಹಾಕಿದ ಗುರುತು ಅದು. ಯಾವ ದಿಕ್ಕಿನಿಂದ ನೋಡಿದರೂ ಒಂದೇ. ಸುರಿಕಾಟಾ, ಜೀಕ್ ಎರಡಕ್ಕೂ ಇದು ಬರುತ್ತದೆ.

ನಿಜವಾದ ದಾಳಿ ಬರುವವರೆಗೆ ಕಾಯಬೇಕಿಲ್ಲ. ಟೆಸ್ಟ್‌ಮೈನಿಡ್ಸ್.ಆರ್ಗ್ ಎಂಬ ತಾಣದಲ್ಲಿ ಈ ಪರೀಕ್ಷೆಗೆಂದೇ ಒಂದು ನಿರಪಾಯಕಾರಿ ಪುಟವಿದೆ. ಸೆನ್ಸರ್ ಕಾಯುವ ನೆಟ್‌ವರ್ಕಿನಿಂದ, ಗೂಢಲಿಪಿಯಿಲ್ಲದ ಸಾದಾ ಎಚ್‌ಟಿಟಿಪಿಯಲ್ಲಿ ಅದನ್ನು ತೆರೆದರೆ 2100498 ಸಂಖ್ಯೆಯ ನಿಯಮದ ಅಲರ್ಟ್ ಬರಬೇಕು. ಬಂದ ಮೇಲೆ ಎರಡು ನಿಮಿಷ ಬಿಟ್ಟು ಅದರ ಪ್ಯಾಕೆಟ್ ತೆಗೆಯಿರಿ. ಮೂರು ದಿನ ಬಿಟ್ಟು ಅದೇ ಪ್ಯಾಕೆಟ್ ಮತ್ತೆ ತೆಗೆಯಿರಿ. ಮೊದಲ ಸಲ ಸಿಗದಿದ್ದರೆ ರೆಕಾರ್ಡಿಂಗ್, ಫಿಲ್ಟರ್, ಗಡಿಯಾರ ನೋಡಿ. ಎರಡನೆಯ ಸಲ ಸಿಗದಿದ್ದರೆ ಡಿಸ್ಕ್ ನೋಡಿ. ಹೊಸ ಸ್ವಿಚ್ ಬಂದಾಗ, ವಿಎಲ್ಯಾನ್ ಬದಲಾದಾಗ, ತಂತ್ರಾಂಶದ ಹೊಸ ಆವೃತ್ತಿ ಹಾಕಿದಾಗ ತಪ್ಪದೆ ಇದನ್ನು ಮಾಡಿ. ನಿಮ್ಮ ಕಚೇರಿಯಲ್ಲಿ ಈ ಪರೀಕ್ಷೆ ಇನ್ನೂ ಆಗಿಲ್ಲವಾದರೆ ಈ ವಾರವೇ ಮಾಡಿಬಿಡಿ.