ಮೊಬೈಲಿನ ಬೀಗವೂ ಪರರ ಕಾಯಕದ ಫಲವೂ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳಲ್ಲಿ ಇಂದು ಮೊಬೈಲ್ ಫೋನಿಲ್ಲದ ಮನೆ ಇಲ್ಲವೆಂದರೆ ಉತ್ಪ್ರೇಕ್ಷೆಯಾಗಲಾರದು. ಬೆಳಗಿನ ಲಿಂಗಪೂಜೆಯ ಹೊತ್ತಿನಲ್ಲಿ ವಚನಗಾಯನ ಕೇಳಿಬರುವುದು ಅದರಿಂದ. ತರಕಾರಿಯವರಿಗೆ ಹಣ ಸಲ್ಲುವುದು ಅದರಿಂದ. ಮಕ್ಕಳ ಪಾಠ, ಹಿರಿಯರ ಔಷಧಿ ಚೀಟಿ, ಮಠದ ಕಾರ್ಯಕ್ರಮದ ಆಹ್ವಾನ ಎಲ್ಲವೂ ಅದರೊಳಗೆ. ಹೀಗೆ ಮನೆಯ ಸದಸ್ಯನಂತೆಯೇ ಆಗಿರುವ ಈ ಸಾಧನದ ವಿಷಯದಲ್ಲಿ ಮಕ್ಕಳು ಹಿರಿಯರ ಮುಂದೆ ಎರಡು ಪ್ರಶ್ನೆಗಳನ್ನಿಡುತ್ತಾರೆ. "ಹಣ ಕೊಟ್ಟು ಕೊಂಡ ಫೋನು ನಮ್ಮದು, ಕಂಪನಿ ಹಾಕಿದ ಬೀಗವನ್ನು ತೆಗೆದು ನಮಗೆ ಬೇಕಾದಂತೆ ಮಾಡಿಕೊಂಡರೆ ತಪ್ಪೇನು?" ಎಂಬುದು ಒಂದು. "ಇನ್ನೂರು ರೂಪಾಯಿಯ ಆ್ಯಪು ಪುಕ್ಕಟೆಯಾಗಿ ಸಿಗುವಾಗ ದುಡ್ಡೇಕೆ ಕೊಡಬೇಕು?" ಎಂಬುದು ಇನ್ನೊಂದು.

ಈ ಎರಡೂ ಪ್ರಶ್ನೆಗಳು ಒಂದೇ ಉಸಿರಿನಲ್ಲಿ ಬರುವುದರಿಂದ ನಾವು ಎರಡಕ್ಕೂ ಒಂದೇ ಉತ್ತರ ಕೊಟ್ಟುಬಿಡುತ್ತೇವೆ. ಕೆಲವರು ಎರಡನ್ನೂ ಕಳ್ಳತನವೆನ್ನುವರು. ಕೆಲವರು ಎರಡನ್ನೂ ಜಾಣತನವೆನ್ನುವರು. ವಾಸ್ತವವಾಗಿ ಇವು ಬೇರೆ ಬೇರೆ ಪ್ರಶ್ನೆಗಳು. ಇವನ್ನು ಬಿಡಿಸಿ ನೋಡುವ ವಿವೇಕವನ್ನು ಶರಣರ ಕಾಯಕತತ್ತ್ವ ನಮಗೆ ಕೊಟ್ಟಿದೆ.

ಬೀಗವೆಂದರೇನು?

ಸ್ಮಾರ್ಟ್‌ಫೋನ್ ಎಂಬುದು ಕೈಯಲ್ಲಿ ಹಿಡಿಯುವ ಗಣಕಯಂತ್ರ. ಅದನ್ನು ನಡೆಸುವ ಮೂಲ ತಂತ್ರಾಂಶದ ಒಳಕೋಣೆಗೆ ಬಳಕೆದಾರನು ಪ್ರವೇಶಿಸದಂತೆ ತಯಾರಕರು ತಡೆ ಹಾಕಿರುತ್ತಾರೆ. ಅಚಾತುರ್ಯದಿಂದ ಯಂತ್ರ ಕೆಡಬಾರದು, ದುಷ್ಟ ತಂತ್ರಾಂಶ ಒಳನುಗ್ಗಬಾರದು ಎಂಬುದು ಒಂದು ಕಾರಣ; ತಮ್ಮ ಅಂಗಡಿಯಿಂದಲೇ ಎಲ್ಲವೂ ಮಾರಾಟವಾಗಲಿ ಎಂಬ ವ್ಯಾಪಾರಬುದ್ಧಿ ಇನ್ನೊಂದು. ಆಪಲ್ ಕಂಪನಿಯ ಐಫೋನ್ ೨೦೦೭ರ ಜೂನ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಹೊರಗಿನವರ ಆ್ಯಪುಗಳಿಗೆ ಅದರಲ್ಲಿ ಅವಕಾಶವೇ ಇರಲಿಲ್ಲ. ಕಂಪನಿಯ ಆ್ಯಪ್ ಸ್ಟೋರ್ ತೆರೆದದ್ದು ೨೦೦೮ರ ಜುಲೈನಲ್ಲಿ. ಅಷ್ಟರೊಳಗೆ ಯುವಕರು ಬೀಗ ತೆಗೆಯುವ ದಾರಿಯನ್ನು ಕಂಡುಕೊಂಡಿದ್ದರು. ಐಫೋನಿನಲ್ಲಿ ಇದಕ್ಕೆ 'ಜೈಲ್‌ಬ್ರೇಕ್' ಎಂದೂ ಆಂಡ್ರಾಯ್ಡ್ ಫೋನುಗಳಲ್ಲಿ 'ರೂಟ್' ಮಾಡುವುದೆಂದೂ ಹೆಸರು ಬಿತ್ತು.

ಕನ್ನಡಕ್ಕಾಗಿ ತೆರೆದ ಬೀಗ

ಬೀಗ ತೆಗೆದವರೆಲ್ಲ ಕಳ್ಳರಲ್ಲ ಎಂಬುದಕ್ಕೆ ನಮ್ಮ ನುಡಿಯ ಚರಿತ್ರೆಯೇ ಸಾಕ್ಷಿಯಾಗಿದೆ. ಆಂಡ್ರಾಯ್ಡ್ ಫೋನುಗಳು ಬೆಂಗಳೂರಿಗೆ ಬಂದ ಮೊದಲ ವರ್ಷಗಳಲ್ಲಿ ಅವುಗಳಲ್ಲಿ ಬಹುಪಾಲು ಕನ್ನಡವನ್ನು ಅರಿಯುತ್ತಿರಲಿಲ್ಲ. ಮಿತ್ರರು ಕಳುಹಿಸಿದ ಕನ್ನಡ ಸಂದೇಶ ಪರದೆಯ ಮೇಲೆ ಖಾಲಿ ಚೌಕಗಳ ಸಾಲಾಗಿ ಕಾಣುತ್ತಿತ್ತು. ಒಪೆರಾ ಮಿನಿ ಎಂಬ ಬ್ರೌಸರಿನಲ್ಲಿ ಒಂದು ಆಯ್ಕೆಯನ್ನು ಬದಲಿಸಿದರೆ ಅದು ಕನ್ನಡದ ಅಕ್ಷರಗಳನ್ನು ಚಿತ್ರಗಳಾಗಿಸಿ ತೋರಿಸುತ್ತಿತ್ತು. ಅನೇಕರು ಅಷ್ಟಕ್ಕೇ ತೃಪ್ತರಾದರು. ತೃಪ್ತರಾಗದ ಕನ್ನಡದ ಹುಡುಗರು ಫೋನನ್ನು ರೂಟ್ ಮಾಡಿ, ಒಳಕೋಣೆಯಲ್ಲಿ ಕನ್ನಡದ ಅಕ್ಷರಶೈಲಿಯ ಕಡತವನ್ನು ತಾವೇ ಇರಿಸಿದರು. ಆಗ ಚೌಕಗಳು ಹೋಗಿ ಅಕ್ಷರಗಳು ಬಂದವು. ಆದರೆ ಒತ್ತಕ್ಷರಗಳನ್ನು ಜೋಡಿಸುವ ಶಕ್ತಿ ಯಂತ್ರಕ್ಕೆ ಇರಲಿಲ್ಲವಾಗಿ 'ಬಸವಣ್ಣ' ಎಂಬಲ್ಲಿ ಣಕಾರದ ಒತ್ತು ಕೆಳಗೆ ಕೂಡದೆ ಬೇರೆಯಾಗಿ ನಿಲ್ಲುತ್ತಿತ್ತು. ಅದನ್ನೂ ಸರಿಪಡಿಸಲು ತಂತ್ರಾಂಶದ ಭಾಗಗಳನ್ನೇ ಬದಲಾಯಿಸಬೇಕಾಯಿತು. ೨೦೧೨ರಲ್ಲಿ ಬಂದ ಆಂಡ್ರಾಯ್ಡ್ ೪.೧ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಸ್ಥಾನ ದೊರೆತ ಮೇಲೆ ಈ ಶ್ರಮದ ಅಗತ್ಯ ತಪ್ಪಿತು.

ತಾವು ಹಣ ತೆತ್ತು ಕೊಂಡ ಯಂತ್ರದಲ್ಲಿ ತಮ್ಮ ತಾಯ್ನುಡಿಯನ್ನು ಕಾಣಬೇಕೆಂದು ಬೀಗ ತೆರೆದ ಈ ತರುಣರು ಯಾರ ದುಡಿಮೆಯನ್ನೂ ಕಸಿದುಕೊಳ್ಳಲಿಲ್ಲ. ಈಗಲೂ ಕಂಪನಿ ಕೈಬಿಟ್ಟ ಹಳೆಯ ಫೋನಿಗೆ ಲೀನಿಯೇಜ್ ಓಎಸ್‌ನಂತಹ ಮುಕ್ತ ತಂತ್ರಾಂಶವನ್ನು ಹಾಕಿ ಇನ್ನೆರಡು ವರ್ಷ ಬಳಸುವವರಿದ್ದಾರೆ. ಅದು ಮಿತವ್ಯಯವೇ ಹೊರತು ಅಪರಾಧವಲ್ಲ.

ಕಾನೂನಿನ ಮಾತು

ಅಮೆರಿಕದಲ್ಲಿ ಈ ವಿವಾದ ೨೦೧೦ರಲ್ಲಿ ತೀರ್ಮಾನಕ್ಕೆ ಬಂದಿತು. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಮುಖ್ಯಸ್ಥರು ಆ ವರ್ಷದ ಜುಲೈನಲ್ಲಿ ಸ್ಮಾರ್ಟ್‌ಫೋನಿನ ಬೀಗ ತೆಗೆಯುವುದಕ್ಕೆ ವಿನಾಯಿತಿ ನೀಡಿದರು. ಆದರೆ ನ್ಯಾಯವಾಗಿ ಪಡೆದ ಆ್ಯಪುಗಳನ್ನು ನಡೆಸುವುದಕ್ಕಾಗಿ ಮಾತ್ರ ಎಂಬ ಷರತ್ತು ಅದರಲ್ಲಿಯೇ ಇತ್ತು.

ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯೂ ಇದೇ ಗೆರೆಯನ್ನು ಎಳೆದಿದೆ. ೨೦೧೨ರ ತಿದ್ದುಪಡಿಯಿಂದ ಸೇರಿದ ೬೫ಎ ಕಲಮಿನ ಪ್ರಕಾರ, ಕೃತಿಕಾರನ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಇಲ್ಲಿ 'ಉದ್ದೇಶ' ಎಂಬ ಮಾತನ್ನು ಗಮನಿಸಬೇಕು. ಕಾಯಿದೆ ನಿಷೇಧಿಸದ ಕಾರ್ಯಕ್ಕಾಗಿ ಬೀಗ ತೆರೆದವನು ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ. ಕದ್ದ ಪ್ರತಿಯೆಂದು ತಿಳಿದೂ ಗಣಕ ತಂತ್ರಾಂಶವನ್ನು ಬಳಸುವವನಿಗಾದರೋ ೬೩ಬಿ ಕಲಮಿನಲ್ಲಿ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆಮನೆ, ೫೦ ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಲಾಭಕ್ಕಾಗಿಯಲ್ಲದೆ ಬಳಸಿದ್ದರೆ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟು ೫೦ ಸಾವಿರದವರೆಗೆ ದಂಡ ಮಾತ್ರ ವಿಧಿಸಬಹುದು. ವ್ಯಾಪಾರಕ್ಕಾಗಿ ಇಂತಹ ಪ್ರತಿಗಳನ್ನು ಹಂಚುವವರ ಮೇಲೆ ಕಣ್ಣಿಟ್ಟು ಕರ್ನಾಟಕ ಸರ್ಕಾರವು ೨೦೧೪ರಲ್ಲಿ 'ಗೂಂಡಾ ಕಾಯಿದೆ' ಎಂದೇ ಜನಜನಿತವಾದ ೧೯೮೫ರ ಕಾನೂನಿಗೆ 'ಡಿಜಿಟಲ್ ಅಪರಾಧಿ'ಗಳನ್ನೂ ಸೇರಿಸಿತು.

ಪುಕ್ಕಟೆಯ ಪರವಾದ ವಾದಗಳು

ಕಾನೂನಿನ ಭಯವೊಂದರಿಂದಲೇ ಮನಸ್ಸು ತಿದ್ದದು. ಆದುದರಿಂದ ತರುಣರು ಮುಂದಿಡುವ ವಾದಗಳನ್ನು ಸಹನೆಯಿಂದ ಕೇಳಬೇಕು.

ಮೊದಲನೆಯದು, ದೊಡ್ಡ ಕಂಪನಿಗಳೇ ಅನ್ಯಾಯ ಮಾಡುತ್ತವೆ ಎಂಬುದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿನ ತನ್ನ ಪ್ರಾಬಲ್ಯವನ್ನು ದುರುಪಯೋಗಪಡಿಸಿಕೊಂಡಿತೆಂದು ಭಾರತೀಯ ಸ್ಪರ್ಧಾ ಆಯೋಗವು ೨೦೨೨ರ ಅಕ್ಟೋಬರಿನಲ್ಲಿ ಗೂಗಲ್ ಕಂಪನಿಗೆ ೧,೩೩೭.೭೬ ಕೋಟಿ ರೂಪಾಯಿ ದಂಡ ಹಾಕಿತು. ಕೊಂಡ ವಸ್ತುವನ್ನು ತಾನೇ ದುರಸ್ತಿ ಮಾಡಿಸಿಕೊಳ್ಳುವ ಗ್ರಾಹಕನ ಹಕ್ಕಿಗಾಗಿ ಕೇಂದ್ರ ಸರ್ಕಾರವು ಅದೇ ವರ್ಷ ಸಮಿತಿಯನ್ನು ನೇಮಿಸಿತು. ಇವೆಲ್ಲ ನ್ಯಾಯವಾದ ಹೋರಾಟಗಳು. ಆದರೆ ಆ್ಯಪುಗಳನ್ನೆಲ್ಲ ದೊಡ್ಡ ಕಂಪನಿಗಳೇ ತಯಾರಿಸುವುದಿಲ್ಲ. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೊಠಡಿಗಳಲ್ಲಿ ಇಬ್ಬರು ಮೂವರು ಸೇರಿ ರಾತ್ರಿಯೆಲ್ಲ ಎಚ್ಚತ್ತು ಮಾಡಿದ ಆ್ಯಪಿಗೂ ಅದೇ ಗತಿ ಬರುತ್ತದೆ. ದೊಡ್ಡವನ ಅನ್ಯಾಯವು ಚಿಕ್ಕವನ ಜೇಬಿಗೆ ಕೈಹಾಕಲು ಅನುಮತಿಯಾಗದು.

ಎರಡನೆಯದು, ವಿದ್ಯಾರ್ಥಿಯ ಕೈಯಲ್ಲಿ ಹಣವಿಲ್ಲ ಎಂಬುದು. ಇದಕ್ಕೆ ಉತ್ತರ ಸುಲಭ. ಬರವಣಿಗೆಗೆ ಲಿಬ್ರೆ ಆಫೀಸ್, ಚಿತ್ರಗಳಿಗೆ ಗಿಂಪ್, ಹಾಡು-ಚಲನಚಿತ್ರಗಳಿಗೆ ವಿಎಲ್‌ಸಿ ಮುಂತಾದ ತಂತ್ರಾಂಶಗಳನ್ನು ಅವುಗಳ ಕರ್ತೃಗಳೇ ಸಂತೋಷದಿಂದ ಬಿಟ್ಟುಕೊಟ್ಟಿದ್ದಾರೆ. ಕನ್ನಡದಲ್ಲಿಯೂ ಇಂತಹ ಔದಾರ್ಯಕ್ಕೆ ಕೊರತೆಯಿಲ್ಲ. ಇಂದು ನಾವು ಕನ್ನಡವನ್ನು ಟೈಪಿಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ನಾಡೋಜ ಕೆ.ಪಿ. ರಾವ್ ಅವರು ಅದರ ಮೇಲೆ ಹಕ್ಕು ಸಾಧಿಸದೆ ನಾಡಿಗೇ ಅರ್ಪಿಸಿದರು. ಶೇಷಾದ್ರಿವಾಸು ಅವರ 'ಬರಹ' ೧೯೯೮ರಲ್ಲಿ ಉಚಿತವಾಗಿಯೇ ಮನೆಮನೆಗೆ ಬಂದಿತು. 'ವಚನ ಸಂಚಯ'ದ ಸ್ವಯಂಸೇವಕರು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಹುಡುಕಿ ಓದಲು ಬರುವಂತೆ ಅಂತರ್ಜಾಲದಲ್ಲಿ ಇರಿಸಿದ್ದಾರೆ.

ಇವು ದಾಸೋಹಗಳು. ದಾಸೋಹದಲ್ಲಿ ಉಣ್ಣುವುದಕ್ಕೆ ಸಂಕೋಚ ಬೇಡ. ಸಿದ್ಧಗಂಗೆಯ ಪಂಕ್ತಿಯಲ್ಲಿ ಯಾರು ಬೇಕಾದರೂ ಕುಳಿತುಣ್ಣಬಹುದು. ಆದರೆ ನೆರೆಮನೆಯ ಅಡುಗೆಮನೆಗೆ ಹೇಳದೆ ನುಗ್ಗಿ, ಅದನ್ನೂ ದಾಸೋಹವೆಂದರೆ ಒಪ್ಪುವವರಾರು? ಕೊಡುವವನ ಮನಸ್ಸಿದ್ದರೆ ಅದು ದಾಸೋಹ, ಇಲ್ಲದಿದ್ದರೆ ಅಪಹರಣ.

ಮೂರನೆಯ ವಾದವೇ ಎಲ್ಲಕ್ಕಿಂತ ಜಟಿಲವಾದುದು. "ಪ್ರತಿ ಮಾಡಿಕೊಂಡರೆ ಮೂಲ ಎಲ್ಲಿಯೂ ಹೋಗುವುದಿಲ್ಲವಲ್ಲ! ಯಾರಿಗೆ ಏನು ಕಡಿಮೆಯಾಯಿತು?" ಎಂದು ಮಕ್ಕಳು ಕೇಳುತ್ತಾರೆ.

ಲಕ್ಕಮ್ಮನ ಪ್ರಶ್ನೆ

ಇದಕ್ಕೆ ಉತ್ತರವನ್ನು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಡುಕಬಹುದು. ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಾಯಕವು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದಾಗಿತ್ತು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು. ಈ ಪ್ರಸಂಗ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ.

ಆದರೆ ಇದರ ಒಂದು ಅಂಶವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆ ಅಕ್ಕಿಯಿಂದ ಯಾರಿಗೂ ನಷ್ಟವಾಗಿರಲಿಲ್ಲ. ಅದು ನೆಲಕ್ಕೆ ಚೆಲ್ಲಿದ ಅಕ್ಕಿ; ಬಸವಣ್ಣನವರ ಕಣಜದಲ್ಲಿ ಅದರಿಂದ ಒಂದು ಕೊರತೆಯೂ ಕಾಣದು. "ಯಾರಿಗೆ ಏನು ಕಡಿಮೆಯಾಯಿತು?" ಎಂದು ಮಾರಯ್ಯ ಕೇಳಬಹುದಾಗಿತ್ತು. ಲಕ್ಕಮ್ಮನ ಲೆಕ್ಕವೇ ಬೇರೆ. ಕಳೆದುಕೊಂಡವರು ಯಾರು ಎಂದು ಆಕೆ ನೋಡಲಿಲ್ಲ. ಇದು ನಮ್ಮ ಇಂದಿನ ಕಾಯಕಕ್ಕೆ ಸಲ್ಲುವುದೇ, ನಮಗೆ ಬೇಕಾದಷ್ಟೇ ಎಂದು ನೋಡಿದಳು. ಪುಕ್ಕಟೆ ಆ್ಯಪಿನ ಮುಂದೆ ನಿಂತ ನಮ್ಮ ಮಗನಾಗಲಿ ಮಗಳಾಗಲಿ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ.

ವಚನಗಳಿಗೆ ಕೃತಿಸ್ವಾಮ್ಯವಿಲ್ಲ, ಅವನ್ನು ಯಾರೂ ಬರೆದುಕೊಳ್ಳಬಹುದು, ಹಾಡಬಹುದು, ಮುದ್ರಿಸಬಹುದು. ಆದರೂ ಪ್ರತಿ ವಚನದ ಕೊನೆಯಲ್ಲಿ ಅಂಕಿತವಿದೆ. ಬಸವಣ್ಣನವರದು, ಅಕ್ಕನದು, ಅಲ್ಲಮಪ್ರಭುವಿನದು ಎಂದು ನಾವು ಅಂಕಿತದಿಂದ ಗುರುತಿಸುತ್ತೇವೆ. ಒಬ್ಬರ ಅನುಭಾವದ ದುಡಿಮೆಯನ್ನು ಇನ್ನೊಬ್ಬರ ಹೆಸರಿಗೆ ಹಾಕುವುದನ್ನು ನಮ್ಮ ಪರಂಪರೆ ಸಹಿಸಿಲ್ಲ. ಹಂಚುವುದರಲ್ಲಿ ಉದಾರತೆ, ಕರ್ತೃವಿನ ವಿಷಯದಲ್ಲಿ ಗೌರವ ಎರಡೂ ಕೂಡಿಯೇ ನಡೆದಿವೆ. ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದ ಫ.ಗು. ಹಳಕಟ್ಟಿಯವರು ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಉಚಿತವಾಗಿ ನಮ್ಮ ಕೈಸೇರಿದ ವಸ್ತುವಿನ ಹಿಂದೆಯೂ ಯಾರೋ ಒಬ್ಬರು ಬೆಲೆ ತೆತ್ತಿರುತ್ತಾರೆಂಬುದನ್ನು ಮರೆಯಲಾಗದು.

ನಮ್ಮ ಮನೆಯ ಅನ್ನ

ದಕ್ಷಿಣ ಬೆಂಗಳೂರಿನ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ತಂತ್ರಾಂಶದ ಸಂಬಳದಿಂದ. ಮಗನೋ ಸೊಸೆಯೋ ಅಳಿಯನೋ ತಂತ್ರಾಂಶ ಬರೆದು ಸಂಪಾದಿಸುತ್ತಿರುವಾಗ, ಅದೇ ಮನೆಯಲ್ಲಿ ಇನ್ನೊಬ್ಬರ ತಂತ್ರಾಂಶವನ್ನು ಕದ್ದು ಬಳಸುವುದು ಉಣ್ಣುವ ತಟ್ಟೆಗೆ ಮಣ್ಣು ಹಾಕಿದಂತೆ. ಕನ್ನಡದ ದೃಷ್ಟಿಯಿಂದಲೂ ಇದು ಅಪಾಯಕರ. ಕನ್ನಡ ಪುಸ್ತಕಗಳನ್ನು ಮೊಬೈಲಿನಲ್ಲಿ ಓದಿಸುವ ಮೈಲ್ಯಾಂಗ್‌ನಂತಹ ಪ್ರಯತ್ನ ೨೦೨೦ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಕನ್ನಡಿಗರು ಕೊಂಡು ಓದುವುದಿಲ್ಲ, ಕದ್ದ ಪಿಡಿಎಫ್ ಹಂಚಿಕೊಳ್ಳುತ್ತಾರೆ ಎಂಬ ಮಾತು ನೆಲೆಯೂರಿದರೆ ಮುಂದೆ ಕನ್ನಡಕ್ಕಾಗಿ ಬಂಡವಾಳ ಹೂಡುವವರು ಯಾರು? ಒಂದು ಕಾಲಕ್ಕೆ ಒತ್ತಕ್ಷರಕ್ಕಾಗಿ ಬೀಗ ತೆರೆದವರ ಶ್ರಮ ಆಗ ವ್ಯರ್ಥವಾದೀತು.

ಇನ್ನು ಅಪಾಯದ ಮಾತು. ಕದ್ದ ಆ್ಯಪಿನ ಎಪಿಕೆ ಕಡತದೊಳಗೆ ಏನನ್ನು ಸೇರಿಸಿದ್ದಾರೆಂದು ಹೊರಗಿನಿಂದ ತಿಳಿಯದು. ಮದುವೆಯ ಕರೆಯೋಲೆಯ ರೂಪದಲ್ಲಿ ಎಪಿಕೆ ಕಡತ ಕಳುಹಿಸಿ ಬ್ಯಾಂಕಿನ ಹಣ ದೋಚುವ ವಂಚನೆಯ ಬಗ್ಗೆ ೨೦೨೪ರಲ್ಲಿ ಪೊಲೀಸರು ಎಚ್ಚರಿಸಿದ್ದರು. ಆದುದರಿಂದ ಮನೆಯಲ್ಲಿ ಕೆಲವು ನಿಯಮಗಳನ್ನು ಇರಿಸಿಕೊಳ್ಳುವುದು ಒಳಿತು.

ಬ್ಯಾಂಕು ಮತ್ತು ಹಣಪಾವತಿಗೆ ಬಳಸುವ ಫೋನಿನ ಬೀಗವನ್ನು ತೆಗೆಯಬಾರದು. ತೆಗೆದರೆ ರಕ್ಷಣೆ ಸಡಿಲವಾಗುವುದಲ್ಲದೆ ಅನೇಕ ಬ್ಯಾಂಕುಗಳ ಆ್ಯಪುಗಳು ಕೆಲಸ ಮಾಡುವುದಿಲ್ಲ. ಮಕ್ಕಳಿಗೆ ಕಲಿಯುವ ಕುತೂಹಲವಿದ್ದರೆ ವಾರಂಟಿ ಮುಗಿದ ಹಳೆಯ ಫೋನೊಂದನ್ನು ಅವರಿಗೇ ಬಿಟ್ಟುಕೊಡಿ. ಯಾರು ಕಳುಹಿಸಿದರೂ ಎಪಿಕೆ ಕಡತವನ್ನು ತೆರೆಯಬೇಡಿ. ಹಣ ಕಳೆದುಕೊಂಡರೆ ತಡಮಾಡದೆ ೧೯೩೦ ಸಂಖ್ಯೆಗೆ ಕರೆ ಮಾಡಿ. ಬೆಲೆಯುಳ್ಳ ಆ್ಯಪು ನಿಜವಾಗಿಯೂ ಬೇಕಾದರೆ ಕೊಂಡು ಬಳಸಿ. ಕೊಳ್ಳಲಾಗದಿದ್ದರೆ ಕರ್ತೃವೇ ಉಚಿತವಾಗಿ ಕೊಟ್ಟದ್ದನ್ನು ಹುಡುಕಿ.

ಎಲ್ಲಕ್ಕಿಂತ ಮಿಗಿಲಾಗಿ, "ಹೇಗಾದರೂ ಮಾಡಿ ಪುಕ್ಕಟೆಯಾಗಿ ಹಾಕಿಕೊಡಪ್ಪ" ಎಂದು ಹಿರಿಯರಾದ ನಾವೇ ಮಕ್ಕಳಿಗೆ ಹೇಳುವುದನ್ನು ಬಿಡಬೇಕು. ಮಕ್ಕಳು ನಮ್ಮ ಉಪದೇಶಕ್ಕಿಂತ ನಮ್ಮ ನಡೆಯನ್ನು ಬೇಗ ಕಲಿಯುತ್ತಾರೆ. ನಮ್ಮದಾದ ವಸ್ತುವನ್ನು ತೆರೆದು ತಿಳಿಯುವ ಧೈರ್ಯವೂ, ನಮ್ಮದಲ್ಲದ ದುಡಿಮೆಯನ್ನು ಮುಟ್ಟದಿರುವ ಸಂಯಮವೂ ಅವರಲ್ಲಿ ಒಟ್ಟಿಗೆ ಬೆಳೆಯಲಿ. ಲಕ್ಕಮ್ಮ ತನ್ನ ಮನೆಯ ಬಾಗಿಲಲ್ಲಿ ಮಾಡಿದ ಪರೀಕ್ಷೆಯನ್ನು ನಮ್ಮ ತಾಯಂದಿರು ಮನೆಯ ಮೊಬೈಲಿಗೂ ಮಾಡುವಂತಾಗಲಿ.